ತಿರುಗಿಸಿಟ್ಟ ಕುರ್ಚಿಗಳು

ಮಾರ್ಚ್ 3, ಸೋಮವಾರ. ಸಂಜೆ 6.40

ಸುತ್ತು ಮುಗಿಯಿತು. ಮೂರು ಮಹಡಿ. ನೂರಾ ಹನ್ನೊಂದು ಗುಂಡಿ ಆಫ್. ಉಳಿದದ್ದು ನನ್ನ ಮೇಜಿನದು — ಈ ಸ್ವಿಚ್ ರೂಮಿನ ದೀಪದ್ದು. ಬರೆದು ಮುಗಿಸಿ ಅದೂ ಆಫ್.

ಕೊನೆಯ ಸಾಲಿನ ಗುಂಡಿಗಳನ್ನು ಶನಿವಾರವಷ್ಟೇ ಕೂರಿಸಿದ್ದು. ಪ್ರತಿ ಮೇಜಿನ ಕೆಳಗೆ ನೆಲದಲ್ಲಿ ಒಂದು. ಕಾಲಿನಿಂದ ಒತ್ತಿದರೆ ಆ ಮೇಜಿನ ಕಂಪ್ಯೂಟರ್, ಪರದೆ, ಪ್ರಿಂಟರ್, ಚಾರ್ಜರ್, ಎಲ್ಲದಕ್ಕೂ ಕರೆಂಟ್ ಬಂದ್. ಇನ್ನೊಮ್ಮೆ ಒತ್ತಿದರೆ ಆನ್. ಬಗ್ಗಬೇಕಿಲ್ಲ, ನೋಡಬೇಕಿಲ್ಲ. ಐವತ್ತೆಂಟರ ಸೊಂಟಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಏನಿದೆ. ನನ್ನದೇ ಐಡಿಯಾ. ಮೀಟರ್ ಹಾಕಿ ನೋಡಿದಾಗಲೇ ಗೊತ್ತಾದದ್ದು — ಜನ ಮನೆಗೆ ಹೋದ ಮೇಲೂ ಈ ನಕ್ಷೆ ಬಿಡಿಸುವ ಆಫೀಸು ಬೆಳಗಿನವರೆಗೆ ಕರೆಂಟ್ ಕುಡಿಯುತ್ತಲೇ ಇತ್ತು. ಜೆರಾಕ್ಸ್ ಯಂತ್ರ ಬಿಸಿಯಾಗಿ ಕಾದಿರುತ್ತಿತ್ತು, ಯಾರಿಗೋ ಏನೋ. ಕಪ್ಪಾದ ಪರದೆಗಳ ಮೂಲೆಯಲ್ಲಿ ಕೆಂಪು ಚುಕ್ಕಿ. ಮಲಗಿದ ಹಾಗೆ ನಟಿಸುವ ಮಕ್ಕಳು.

ಮೂರು ತಿಂಗಳಲ್ಲಿ ಇದನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದು ಮ್ಯಾನೇಜರ್ ಮೇಡಂ ಮೇಲಿನವರಿಗೆ ಮಾತು ಕೊಟ್ಟಿದ್ದಾರೆ. ಸರ್ಕ್ಯುಲರ್ ಬಂದಿದೆ. ಹೊರಡುವಾಗ ಕಂಪ್ಯೂಟರ್ ಶಟ್‌ಡೌನ್ ಮಾಡುವುದು ಅವರವರ ಕೆಲಸ. ಗುಂಡಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಸಂಜೆ ಆಫ್, ಬೆಳಿಗ್ಗೆ ಆನ್ — ಎರಡೂ ಎಲೆಕ್ಟ್ರಿಷಿಯನ್ ಕಾಲಿಗೆ ಸೇರಿದ್ದು. ಹತ್ತು ಜನ ಒತ್ತಿದರೆ ಯಾವುದು ಆನ್, ಯಾವುದು ಆಫ್ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇವತ್ತು ಒಂದು ಪೆಟ್ಟೂ ಬಿತ್ತು. ಟೆಸ್ಟರ್ ಕೆಳಗೆ ಬಿದ್ದಿತ್ತು. ಎತ್ತಿಕೊಂಡು ಏಳುವಾಗ ಪ್ಯಾನೆಲ್ ಬಾಗಿಲಿನ ಮೂಲೆ ಸರಿಯಾಗಿ ತಲೆಗೆ ಬಡಿಯಿತು. ಕಣ್ಣಲ್ಲಿ ನಕ್ಷತ್ರ. ಶಬ್ದ ಕೇಳಿ ಬಕೆಟ್ಟಮ್ಮ ಓಡಿ ಬಂದಳು (ಕಸ ಗುಡಿಸಿ ನೆಲ ಒರೆಸುವವಳು. ಅವಳಿಗಿಂತ ಮೊದಲು ಅವಳ ಬಕೆಟ್ಟಿನ ಸದ್ದು ಬರುವುದರಿಂದ ಆಫೀಸಿನವರು ಇಟ್ಟ ಹೆಸರು). ಬಟ್ಟೆ ಒದ್ದೆ ಮಾಡಿ ತಲೆಗೆ ಒತ್ತಿ ಹಿಡಿದಳು. ಅದು ನೆಲ ಒರೆಸೋ ಬಟ್ಟೆ ಅಲ್ಲ ತಾನೇ ಎಂದು ಕೇಳಿದೆ. ನಗಲಿಲ್ಲ. ಡಾಕ್ಟರಿಗೆ ತೋರಿಸಿ ಅಂದಳು. ಎದೆಗೆ ಸ್ಟೆಂಟ್ ಹಾಕಿದಾಗಿನಿಂದ ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತೇನೆ, ಗೀರಿದರೆ ಸಾಕು ಅರ್ಧ ಗಂಟೆ ಸುರಿಯುತ್ತದೆ. ಇವತ್ತು ಒಂದು ಹನಿಯೂ ಬರಲಿಲ್ಲ. ಪುಣ್ಯ. ತೋರಿಸುವುದೇನಿದೆ.

ಮೇನ್ ಸ್ವಿಚ್ಚಿಗೆ ಥ್ಯಾಂಕ್ಸ್ ಹೇಳಿ ಹೊರಡಬೇಕು. ದಿನಾ ಹೇಳುತ್ತೇನೆ. ಯಂತ್ರಗಳಿಗೆ ಸಲೀಸಾಗಿ ಹೇಳುವ ಬಾಯಿ ಮನುಷ್ಯರ ಮುಂದೆ ಮಾತ್ರ ಅಂಟಿಕೊಳ್ಳುತ್ತದೆ. ಬಕೆಟ್ಟಮ್ಮನಿಗೆ ಹೇಳಬೇಕಿತ್ತು. ಹುಷಾರು, ನೆಲ ಒದ್ದೆ ಇದೆ ಅಂದೆ. ಒರೆಸಿದವಳು ಅವಳೇ.

ಮಾರ್ಚ್ 10, ಸೋಮವಾರ. ಸಂಜೆ 6.45

ನೂರಾ ಹನ್ನೊಂದು ಆಫ್.

ಹೊರಗಿನಿಂದ ಒಬ್ಬಳು ಎಂಜಿನಿಯರ್ ಬಂದು ಮೂರೂ ಮಹಡಿಯ ಪ್ಯಾನೆಲ್ಲಿಗೆ ರೆಕಾರ್ಡರ್ ಕೂರಿಸಿ ಹೋದಳು. ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಕರೆಂಟ್ ಹೋಯಿತೆಂದು ತಾನೇ ಬರೆದುಕೊಳ್ಳುತ್ತದಂತೆ. ನನ್ನ ಡೈರಿಗಿಂತ ಶಿಸ್ತು. ಮೀಟರ್ ಹುಡುಗಿ ಎಂದು ಕರೆದೆ, ಬೇಜಾರಾಗಲಿಲ್ಲ. ಕಾಲುಗುಂಡಿ ನೋಡಿ, ಎಲ್ಲೂ ಈ ತರ ನೋಡಿಲ್ಲ ಸರ್ ಅಂದಳು. ಎರಡು ಇಂಚು ಉದ್ದವಾದೆ.

ತಲೆಯ ಬುಗುಟು ಇಳಿದಿದೆ. ಅಕ್ಕನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಒಂದು ವಾರ ಅದೇ ಪುರಾಣ. ನಮ್ಮ ಮನೆಯಲ್ಲಿ ಇಬ್ಬರೇ ಇರುವುದು — ಅರವತ್ತಾರರ ಅಕ್ಕ ಮತ್ತು ಅವಳ ಪಾಲಿಗೆ ಇನ್ನೂ ಆರರ ನಾನು.

ಮಾರ್ಚ್ 24. ಸಂಜೆ

ಎಲ್ಲಾ ಆಫ್. ಮೊದಲ ಎರಡು ವಾರದ ಲೆಕ್ಕ ಬಂತು, ಕತ್ತಲಾದ ಮೇಲಿನ ಲೋಡ್ ಮೂರನೇ ಒಂದು ಭಾಗ ಇಳಿದಿದೆ. ಮೇಡಂ ಕೈ ಕುಲುಕಿದರು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಹಾಗಾದ್ರೆ ಬಚ್ಚಲ ದೀಪಾನೂ ಆರಿಸೋ ಮಹಾನುಭಾವ ಅಂದಳು.

ಏಪ್ರಿಲ್ 3, ಗುರುವಾರ. ಸಂಜೆ 7.20

ನೂರಾ ಹನ್ನೊಂದು ಆಫ್. ಇವತ್ತು ಸುತ್ತಿಗೆ ತಡವಾಯಿತು, ಯಾಕೆಂದು ಗೊತ್ತಿಲ್ಲ. ಕಾಲು ಭಾರ.

ಒಂದು ತಮಾಷೆ. ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದ ಹಾಗೆ ಹಿಂದೆ ಬೀಪ್… ಬೀಪ್… ಎಂದು ಸದ್ದು. ಯಂತ್ರಗಳು ಹೋಗಿ ಬನ್ನಿ ಅನ್ನುವುದನ್ನು ಯಾವಾಗ ಕಲಿತವೋ. ನಾನೂ ಬರ್ತೀನಿ ಅಂದೆ.

ಏಪ್ರಿಲ್ 4. ಬೆಳಿಗ್ಗೆ 8.40

ಮೂರೂ ಮಹಡಿಯ ಕುರ್ಚಿಗಳೆಲ್ಲ ಹಿಂದುಮುಂದಾಗಿ ನಿಂತಿವೆ. ಮೇಜಿಗೆ ಬೆನ್ನು, ದಾರಿಗೆ ಮುಖ. ಶಾಲೆಯಲ್ಲಿ ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ. ಬಂದವರೆಲ್ಲ ಗೊಣಗುತ್ತಾ ತಿರುಗಿಸಿಕೊಂಡು ಕೂತರು. ಬಕೆಟ್ಟಮ್ಮನಿಗೆ ಹೇಳಬೇಕು, ಗುಡಿಸಿದ ಮೇಲೆ ಸರಿಯಾಗಿ ಇಡು ಅಂತ.

ಏಪ್ರಿಲ್ 8, ಮಂಗಳವಾರ. ಸಂಜೆ 6.35

ಸುತ್ತು ಆಯಿತು. ನೂರಾ ಹನ್ನೊಂದು ಆಫ್. ಉಳಿದದ್ದು ನನ್ನದು. ಹಣೆಯ ಬಲಗಡೆ ಚಳುಕು. ಬಿಸಿಲಿನದಿರಬೇಕು. ಬಕೆಟ್ಟಮ್ಮನ ಮಗಳಿಗೆ ಈ ತಿಂಗಳು ದಿನ ತುಂಬುತ್ತದಂತೆ, ರಜೆ ಕೇಳಿದ್ದಾಳೆ.

ಏಪ್ರಿಲ್ 8, ಮಂಗಳವಾರ. ಸಂಜೆ 7.15

ಸುತ್ತು ಆಯಿತು. ನೂರಾ ಹನ್ನೊಂದು ಆಫ್. ಉಳಿದದ್ದು ನನ್ನದು. ಬಕೆಟ್ಟಮ್ಮನ ಮಗಳಿಗೆ ಈ ತಿಂಗಳೇ ಅಂತೆ, ರಜೆಗೆ ಹೋಗುತ್ತಾಳೆ. ತಲೆನೋವು. ಬಿಸಿಲು.

ಏಪ್ರಿಲ್ 9. ಸಂಜೆ

ಇವತ್ತಿನ ಪುಟ ತೆರೆದರೆ ಆಗಲೇ ತುಂಬಿದೆ. ನನ್ನದೇ ಅಕ್ಷರ. ನಿನ್ನೆ ಎರಡು ಪುಟ ಒಟ್ಟಿಗೆ ಮಗುಚಿಕೊಂಡಿರಬೇಕು. ಬರೆದದ್ದನ್ನು ತಿರುಗಿ ಓದುವ ಚಟ ನನಗಿಲ್ಲ. ಇಲ್ಲಿ ಬರೆದೆ, ಮುಗಿಯಿತು.

ಕುರ್ಚಿಗಳು ಇವತ್ತೂ ಹಿಂದುಮುಂದು. ಬಕೆಟ್ಟಮ್ಮನನ್ನು ಗದರಿದೆ. ನನ್ನ ಮುಖವನ್ನೇ ನೋಡಿದಳು, ನನ್ನ ಮೂಗಿನ ಮೇಲೆ ಏನೋ ಅಂಟಿದೆ ಅನ್ನುವ ಹಾಗೆ.

ಏಪ್ರಿಲ್ 14, ಸೋಮವಾರ. ಸಂಜೆ 6.40

ಮೀಟರ್ ಹುಡುಗಿ ಬಂದು ರೆಕಾರ್ಡರಿನ ಲೆಕ್ಕ ಇಳಿಸಿಕೊಂಡಳು. ಕಾಗದದ ಮೇಲೆ ಗೆರೆ ತೋರಿಸಿದಳು. ಆರೂವರೆಗೆ ಗೆರೆ ಧಡಕ್ಕನೆ ಕೆಳಗೆ. ಕೆಲವು ದಿನ ಏಳರ ಹತ್ತಿರ ಮತ್ತೆ ಮೇಲೇಳುತ್ತದೆ, ಎಂಟಕ್ಕೆ ಮೊದಲೇ ಇಳಿಯುತ್ತದೆ. ಸಣ್ಣ ಗೂನು. ಏನಿದು ಸರ್ ಎಂದಳು. ಬಕೆಟ್ಟಮ್ಮ ಧೂಳು ಹೀರುವ ಮಷೀನು ಹಚ್ಚುತ್ತಾಳೆ ಅಂದೆ. ಅಷ್ಟೇ ಇರಬೇಕು.

ನಾಳೆಯಿಂದ ಬಕೆಟ್ಟಮ್ಮ ರಜೆ. ಬದಲಿಗೆ ಬೆಳಿಗ್ಗೆ ಬೇರೆಯವರು ಬಂದು ಗುಡಿಸುತ್ತಾರಂತೆ. ಹೊರಡುವಾಗ ಬಾಗಿಲಲ್ಲಿ ನಿಂತು, ಅಣ್ಣಾ ಸಂಜೆ ಬೇಗ ಮನೆಗೆ ಹೋಗಿ, ಸುತ್ತು ಒಂದೇ ಸಲ ಸಾಕು ಅಂದಳು. ಒಂದೇ ಸಲ ಅಲ್ಲದೆ ಏನು, ಪ್ರದಕ್ಷಿಣೆಯೇ?

ಏಪ್ರಿಲ್ 17. ಬೆಳಿಗ್ಗೆ 9.30

ರಂಪ. ಗುಂಡಿಗಳನ್ನೆಲ್ಲ ಒತ್ತಿ ಬಂದಿದ್ದೆ, ಒಂದು ಮೇಜಿಗೂ ಕರೆಂಟಿಲ್ಲ. ಜನ ಕಿರುಚಾಡಿದರು. ಇನ್ನೊಮ್ಮೆ ಒತ್ತಿದೆ, ಬಂತು. ಎಲ್ಲೋ ಲೂಸ್ ಕನೆಕ್ಷನ್. ಸಂಜೆ ಬಿಚ್ಚಿ ನೋಡಬೇಕು.

ಏಪ್ರಿಲ್ 22

ಮತ್ತೆ ಅದೇ ರಂಪ, ಎಷ್ಟನೇ ಸಲವೋ. ಬಿಚ್ಚಿ ನೋಡಿದೆ, ಎಲ್ಲ ಬಿಗಿಯಾಗೇ ಇದೆ. ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿತ್ತು, ಹತ್ತು ಹೆಜ್ಜೆ ಆದ ಮೇಲೆ ಗೊತ್ತಾಯಿತು. ಅಕ್ಕ ಚಪ್ಪಲಿ ತಿರುವಿ ನೋಡಿ, ಇದೊಂದೇ ಯಾಕೋ ಸವೆದಿದೆ, ಒಂದೇ ಕಾಲಲ್ಲಿ ನಡೀತೀಯಾ ಅಂದಳು. ಬೆಳಿಗ್ಗೆ ಎರಡು ಸಲ ಸ್ನಾನಕ್ಕೆ ಹೊರಟಿದ್ದೆನಂತೆ. ತಲೆ ಎಲ್ಲಿಟ್ಟು ಬಂದೆ ಅಂದಳು. ನಕ್ಕೆ.

ಏಪ್ರಿಲ್ 25, ಶುಕ್ರವಾರ. ಸಂಜೆ 6.50

ಇನ್ನೂ ಸಿಟ್ಟು ಇಳಿದಿಲ್ಲ.

ಮೀಟಿಂಗ್ ಇತ್ತು. ಮೀಟರ್ ಹುಡುಗಿ ಈ ಹತ್ತು ದಿನದ ಗೆರೆ ಗೋಡೆಯ ಮೇಲೆ ತೋರಿಸಿದಳು. ಆರೂವರೆಗೆ ಕೆಳಗೆ. ಏಳಕ್ಕೆ ಮೇಲೆ. ಆಮೇಲೆ ಇಳಿಯುವುದೇ ಇಲ್ಲ, ಬೆಳಗಿನವರೆಗೆ ಅಲ್ಲೇ. ಹತ್ತು ದಿನದಲ್ಲಿ ಆರು ದಿನ ಹೀಗೆ. ನಾನು ಆರಿಸಿ ಬಂದ ಪ್ರತಿ ಮೇಜನ್ನೂ ಯಾರೋ ಮತ್ತೆ ಹಚ್ಚುತ್ತಿದ್ದಾರೆ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್‌ಗಳು ತಾವಾಗಿಯೇ ಏಳುವ ಹಾಗೆ ಸೆಟ್ಟಿಂಗ್ ಇದೆಯಂತೆ. ಹಾಗಾಗಿ ಮೊದಲಿಗಿಂತ ಹೆಚ್ಚು ಖರ್ಚಾಗಿದೆ.

ಮೇಡಂ ಮುಖ ಕಲ್ಲಾಗಿತ್ತು. ಯಾರೇ ಆಗಿರಲಿ, ಸಿಕ್ಕ ದಿನವೇ ಮನೆಗೆ ಅಂದರು. ನಾನು ಎದ್ದು ನಿಂತು, ಒಂದು ವಾರದಲ್ಲಿ ಹಿಡಿದು ಕೊಡುತ್ತೇನೆ ಅಂದೆ.

ಯಾರೆಂದು ನನಗೆ ಗೊತ್ತು. ಹೆಡ್‌ಫೋನ್. ಎರಡನೇ ಮಹಡಿಯಲ್ಲಿ ನಕ್ಷೆ ಬಿಡಿಸುವವನು. ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಡುವವನು. ಗುಂಡಿ ಬಂದಾಗ ನಕ್ಷೆ ಅಚ್ಚು ಹಾಕೋ ನನ್ನ ಪ್ಲಾಟರ್ ಬಿಸಿಯಾಗೋಕೆ ಹೊತ್ತು ಬೇಕು ಎಂದು ಮೊದಲು ಗೊಣಗಿದ್ದೂ ಅವನೇ. ಎಲ್ಲರ ಎದುರು ಕಿವಿಯಿಂದ ಅದನ್ನು ತೆಗೆಸಿ ಕೇಳಿದೆ. ನಾನ್ಯಾಕೆ ಮಾಡ್ಲಿ ಅಂಕಲ್ ಅಂದ. ಕಳ್ಳ ಅಂದೆ. ಬ್ಯಾಗ್ ಎತ್ತಿಕೊಂಡು ಹೋದ. ಕಣ್ಣು ಕೆಂಪಾಗಿತ್ತು. ಆಗಲಿ.

ಏಪ್ರಿಲ್ 28, ಸೋಮವಾರ. ಸಂಜೆ 6.35

ನೂರಾ ಹನ್ನೊಂದು ಆಫ್, ಬಕೆಟ್ಟಮ್ಮನಿಗೆ ಹೆಣ್ಣು ಮೊಮ್ಮಗು.

ಏಪ್ರಿಲ್ 28, ಸೋಮವಾರ. ರಾತ್ರಿ 8.10

ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಹೊರಗೆ ಬಕೆಟ್ಟಮ್ಮ ಕೂತಿದ್ದಾಳೆ. ಹೋಗು ಅಂದರೂ ಹೋಗುತ್ತಿಲ್ಲ.

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು. ಇನ್ನು ಮೇಲೆ ನನ್ನ ನೆನಪನ್ನು ನಂಬುವ ಹಾಗಿಲ್ಲ.

ಇವತ್ತು ಅವಳು ರಜೆ ಮುಗಿಸಿ ಬಂದಳು. ಹೆಣ್ಣು ಮೊಮ್ಮಗು. ಎರಡನೇ ಮಹಡಿಯಲ್ಲಿ ಸುತ್ತು ಶುರು ಮಾಡಿದ್ದೆ, ಅವಳು ನೆಲ ಒರೆಸುವ ಕೋಲನ್ನು ದಾರಿಗೆ ಅಡ್ಡ ಹಿಡಿದಳು.

"ಅಣ್ಣಾ, ನಿಲ್ಲಿ. ಸುತ್ತು ಆಗಿದೆ."

ಯಾವಾಗ ಆಯ್ತು, ಈಗ ತಾನೇ ಹೊರಟಿದ್ದೀನಿ ಅಂದೆ.

"ಆರೂವರೆಗೇ ಮುಗಿಸಿದ್ರಿ. ಆಗಲೂ ಮೊಮ್ಮಗು ಹೇಗಿದೆ ಅಂತ ಕೇಳಿದ್ರಿ, ಹೇಳ್ದೆ. ಈಗಲೂ ಅದನ್ನೇ ಕೇಳಿದ್ರಿ. ನೀವು ಎರಡನೇ ಸಲ ಒತ್ಕೊಂಡು ಬಂದಾಗ ಎಲ್ಲ ಹತ್ಕೊಳ್ತಾವೆ ಅಣ್ಣಾ. ನೀವು ಹೋದ ಮೇಲೆ ನಾನು ಕೋಲಲ್ಲಿ ಒತ್ತಿ ಆರಿಸ್ತಿದ್ದೆ. ಊರಿಗೆ ಹೋದ್ನಲ್ಲ, ಆರಿಸೋರು ಇಲ್ಲ."

ಆಗ ನನ್ನ ಬಾಯಿಂದ ಬಂದದ್ದು, ನೆಲ ಒರೆಸೋಳು ನನಗೆ ಕರೆಂಟ್ ಕಲಿಸ್ತೀಯಾ ಎಂದು. ಬರೆಯಲು ನಾಚಿಕೆ. ಆದರೂ ಬರೆದಿದ್ದೇನೆ.

ಅವಳು ಕೋಲು ತೆಗೆಯಲಿಲ್ಲ. ನಾನು ಇಲ್ಲಿಗೆ ಬಂದು ಬಾಗಿಲು ಬಡಿದು ಈ ಡೈರಿ ತೆಗೆದೆ. ಅವಳ ಮಾತು ಸುಳ್ಳು ಎಂದು ತೋರಿಸಲು. ಮೊದಲ ಸಲ ತಿರುಗಿ ಓದಿದೆ.

ಏಪ್ರಿಲ್ 8. ಎರಡು ಪುಟ. ಅದೇ ದಿನ, ಅದೇ ಮಾತು, ನಡುವೆ ನಲವತ್ತು ನಿಮಿಷ. ಇವತ್ತಿನ ಪುಟ ನೋಡಿದೆ. 6.35, ನೂರಾ ಹನ್ನೊಂದು ಆಫ್, ಬಕೆಟ್ಟಮ್ಮನಿಗೆ ಹೆಣ್ಣು ಮೊಮ್ಮಗು — ನನ್ನದೇ ಅಕ್ಷರ. ಬರೆದ ನೆನಪು ಇಲ್ಲ. ಒಂದಿಷ್ಟೂ ಇಲ್ಲ.

ಬೀಪ್ ಬೀಪ್ ಎಂದದ್ದು ಹೋಗಿ ಬನ್ನಿ ಅನ್ನಲಿಕ್ಕಲ್ಲ. ಎದ್ದೆವು ಅನ್ನಲಿಕ್ಕೆ. ಬೆಳಿಗ್ಗೆ ಮೇಜುಗಳಿಗೆ ಕರೆಂಟ್ ಇಲ್ಲದ್ದು ಲೂಸ್ ಕನೆಕ್ಷನ್ನಿನಿಂದಲ್ಲ. ರಾತ್ರಿಯೆಲ್ಲ ಆನ್ ಇದ್ದವನ್ನು ನಾನೇ ಆಫ್ ಮಾಡಿದ್ದೆ. ನನ್ನ ಗುಂಡಿ, ನನ್ನ ಕಾಲು. ಆ ಹುಡುಗನನ್ನು ಕಳ್ಳ ಅಂದೆ.

ಹೆದರಿಕೆಯಾಗುತ್ತಿದೆ. ಕೆಲಸ ಹೋಗುವುದಕ್ಕಲ್ಲ. ಹೋಗುತ್ತದೆ, ಅದು ಬೇರೆ. ಈ ತಲೆಯೊಳಗೆ ಯಾರು ಏನನ್ನು ಆರಿಸುತ್ತಿದ್ದಾರೆ? ನಾಳೆ ಅಕ್ಕನ ಮುಖ ಮರೆತರೆ?

ಬಾಗಿಲ ಹೊರಗಿನಿಂದ ಅವಳು ಈಗ ಒಂದು ಮಾತು ಹೇಳಿದಳು. "ಅವತ್ತು ಪ್ಯಾನೆಲ್ ಬಾಗಿಲು ತಲೆಗೆ ಬಡೀತಲ್ಲ ಅಣ್ಣಾ. ಅದಾದ ಮೇಲೇನೇ. ಡಾಕ್ಟರಿಗೆ ತೋರಿಸಿದ್ರಾ?"

ಯಾವತ್ತು? ಪುಟ ತಿರುವುತ್ತಿದ್ದೇನೆ.

ಮಾರ್ಚ್ 3.

ಏಪ್ರಿಲ್ 29, ಮಂಗಳವಾರ. ಬೆಳಿಗ್ಗೆ 7.00

ನಿನ್ನೆ ಬಕೆಟ್ಟಮ್ಮ ಮನೆಯವರೆಗೂ ಬಂದಳು. ಅಕ್ಕನಿಗೆ ಎಲ್ಲ ಹೇಳಿದ್ದು ಅವಳೇ. ಅಕ್ಕ ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು.

ಮೇಡಂಗೆ ಫೋನ್ ಮಾಡಿದೆ. ಕಳ್ಳ ಸಿಕ್ಕಿದ, ನಾನೇ ಅಂದೆ. ಮರೆವಿನ ವಿಷಯವನ್ನೂ ಹೇಳಿದೆ. ಮೊದಲು ಆಸ್ಪತ್ರೆಗೆ ಹೋಗಿ ಅಂದರು.

ಹೊರಟಿದ್ದೇವೆ. ಡೈರಿಯನ್ನು ಅಕ್ಕ ತನ್ನ ಚೀಲಕ್ಕೆ ಹಾಕಿಕೊಳ್ಳಬೇಕಂತೆ. ಕೊಡು ಅನ್ನುತ್ತಿ

ಮೇ 2

ತಲೆಯಲ್ಲಿ ಎರಡು ತೂತು. ಬದುಕಿದ್ದೇನೆ. ಇವತ್ತು ಇಷ್ಟೇ.

ಮೇ 14. ಮನೆ. ಮಧ್ಯಾಹ್ನ

ಕೂತು ಬರೆಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ದಿನಕ್ಕೆ ಅರ್ಧ ಗಂಟೆ ಅಂತ ಅಕ್ಕನ ಆಜ್ಞೆ. ಗಡಿಯಾರ ಎದುರಿಗಿಟ್ಟುಕೊಂಡು ಕೂತಿದ್ದಾಳೆ.

ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ಜಿನುಗಿ ಕೂತಿತ್ತಂತೆ. ಮಾರ್ಚ್ ಮೂರರ ಪೆಟ್ಟು. ಹೊರಗೆ ಒಂದು ಹನಿ ಬರಲಿಲ್ಲ, ಪುಣ್ಯ ಎಂದು ಬರೆದಿದ್ದೆನಲ್ಲ, ಅದೆಲ್ಲ ಒಳಗೇ ಹನಿಹನಿಯಾಗಿ ಇಳಿದಿತ್ತು. ತೆಳುವಾದ ರಕ್ತ, ನಿಲ್ಲಲು ಅದಕ್ಕೂ ಅವಸರವಿಲ್ಲ. ವಾರಗಟ್ಟಲೆ ಕೂಡಿ ಕೂಡಿ ಮೆದುಳನ್ನು ಒತ್ತುತ್ತಿತ್ತು. ಮರೆವು, ತಲೆನೋವು, ಎಡಗಾಲಿನ ಚಪ್ಪಲಿ, ಎಲ್ಲದಕ್ಕೂ ಅದೊಂದೇ ಕಾರಣ. ಮೂವತ್ತು ವರ್ಷ ಊರಿನ ಗೋಡೆಗಳಿಗೆಲ್ಲ ಡ್ರಿಲ್ ಹಾಕಿದವನ ತಲೆಗೇ ಡ್ರಿಲ್ ಬಿತ್ತು. ಡಾಕ್ಟರಿಗೆ ಹೇಳಿದೆ, ಅವರು ನಕ್ಕರು. ಅಕ್ಕ ನಗಲಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನು ಅಕ್ಕ ಹೇಳಿದಳು, ನನಗೆ ಅರ್ಧ ನೆನಪಿಲ್ಲ. ಯಾವಾಗಿನಿಂದ ಹೀಗೆ ಎಂದು ಡಾಕ್ಟರ್ ಕೇಳಿದ್ದಾರೆ. ನಾನು ನಿನ್ನೆಯಿಂದ ಅಂದೆನಂತೆ. ಅಕ್ಕನಿಗೂ ಗೊತ್ತಿಲ್ಲ. ಅಷ್ಟರಲ್ಲಿ ಕಾರಿಡಾರಿನಲ್ಲಿ ಓಡಿಕೊಂಡು ಬಂದವನು ಹೆಡ್‌ಫೋನ್. ಕೈಯಲ್ಲಿ ಮೀಟರ್ ಹುಡುಗಿ ಕೊಟ್ಟ ಕಾಗದ, ಅದೇ ಗೆರೆಗಳು. ಮೇಡಂ ಬೆಳಿಗ್ಗೆ ವಿಷಯ ಹೇಳಿದ ಕೂಡಲೇ ಆ ಹುಡುಗಿ ಎಲ್ಲ ದಿನದ್ದೂ ಅಚ್ಚು ಹಾಕಿ ಕಳಿಸಿದ್ದಾಳೆ. ಅವನು ಡಾಕ್ಟರ್ ಮುಂದೆ ಹರಡಿ, ಮೊದಲನೇ ಗೂನು ಏಪ್ರಿಲ್ ಮೂರು, ಇಲ್ಲಿಂದ ನೋಡಿ ಸರ್, ವಾರ ವಾರಕ್ಕೂ ಹೆಚ್ಚಾಗಿದೆ ಎಂದನಂತೆ. ಅಕ್ಕ ಡೈರಿಯ ಮಾರ್ಚ್ ಮೂರರ ಪುಟ ತೆರೆದು ಪಕ್ಕಕ್ಕಿಟ್ಟಳಂತೆ. ಒಂದು ಗಂಟೆಯೊಳಗೆ ಸ್ಕ್ಯಾನ್. ಸಂಜೆಗೆ ಆಪರೇಷನ್.

ಇನ್ನೊಂದು ವಾರ ಬಿಟ್ಟಿದ್ದರೆ ನಡೆದುಕೊಂಡು ಬರುತ್ತಿರಲಿಲ್ಲ, ಹೊತ್ತುಕೊಂಡು ಬರಬೇಕಿತ್ತು ಅಂದರು ಡಾಕ್ಟರ್. ನೇರ ಮಾತಿನ ಮನುಷ್ಯ. ಅವರಿಗೆ ಥ್ಯಾಂಕ್ಸ್ ಹೇಳಿದೆ. ಈ ಸಲ ಬಾಯಿ ಅಂಟಿಕೊಳ್ಳಲಿಲ್ಲ.

ಅರ್ಧ ಗಂಟೆ ಆಯಿತಂತೆ.

ಮೇ 15

ಹೆಡ್‌ಫೋನ್ ಬಂದಿದ್ದ. ಆಪರೇಷನ್ ಮುಗಿಯುವವರೆಗೆ ಅಕ್ಕನ ಪಕ್ಕ ಕೂತಿದ್ದವನೂ ಅವನೇ ಎಂದು ಅಕ್ಕ ಹೇಳಿದಳು. ಕಿವಿಯಿಂದ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡು ಕೂತ. ತಪ್ಪಾಯ್ತಪ್ಪ, ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ ಅಂದೆ.

"ಬಿಡಿ ಅಂಕಲ್. ನಾನು ಕರೆಂಟ್ ಕದ್ದೆ ಅಂತ ಯಾರೂ ನಂಬ್ಲಿಲ್ಲ. ನನಗೆ ಗುಂಡಿ ಒತ್ತೋಕೆ ಬಗ್ಗೋದಕ್ಕೇ ಸೋಮಾರಿತನ ಅಂತ ಎಲ್ಲರಿಗೂ ಗೊತ್ತು."

ಕಾಲಲ್ಲಿ ಒತ್ತೋದು ಕಣೋ, ಬಗ್ಗೋದಲ್ಲ ಅಂದೆ. ಇಬ್ಬರೂ ನಕ್ಕೆವು. ಹೊಲಿಗೆ ಎಳೆಯಿತು.

ಒಳ್ಳೆಯ ಹುಡುಗ. ನನ್ನ ಕೆಟ್ಟ ಮಾತನ್ನು ಹೊತ್ತುಕೊಂಡೇ ನನಗಾಗಿ ಓಡಿ ಬಂದ. ಇಂಥವರ ನಡುವೆ ಇಷ್ಟು ದಿನ ತಲೆ ಬಗ್ಗಿಸಿಕೊಂಡು ಗುಂಡಿ ಎಣಿಸುತ್ತಾ ಓಡಾಡಿದ್ದೆ.

ಬಕೆಟ್ಟಮ್ಮ ಮೂರು ಸಲ ಬಂದು ಹೋದಳು. ಬಂದಳು, ನನ್ನ ತಲೆ ನೋಡಿದಳು, ಅಕ್ಕನ ಜೊತೆ ಅಡುಗೆಮನೆಯಲ್ಲಿ ಕೂತು ಹೋದಳು. ಒಂದು ಸಲ ಮಾತ್ರ ಕಣ್ಣು ಒರೆಸಿಕೊಂಡು, ಮೊದಲೇ ಹೇಳಬೇಕಿತ್ತು ಅಂದಳಂತೆ ಅಕ್ಕನ ಹತ್ತಿರ. ಹೇಳಿದ್ರೆ ಅಣ್ಣನ ಕೆಲಸ ಹೋಗುತ್ತೇನೋ ಅಂತ ಸುಮ್ಮನಿದ್ದೆ ಅಂದಳಂತೆ. ನನ್ನ ಕೆಲಸ ಕಾಯಲು, ರಜೆಗೆ ಹೋಗುವವರೆಗೂ ಮೂರು ಮಹಡಿ ಹತ್ತಿಳಿದು, ಕೋಲಿನಲ್ಲಿ ಗುಂಡಿ ಒತ್ತಿದವಳು, ನನ್ನನ್ನು ಬದುಕಿಸಿಯೂ ತಪ್ಪು ತನ್ನದು ಅನ್ನುತ್ತಾಳೆ. ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಕರೆದೆ. ತಿರುಗಿದಳು. ಹುಷಾರು, ಮೆಟ್ಟಿಲು ಒದ್ದೆ ಇದೆ ಅಂದೆ.

ಮೆಟ್ಟಿಲು ಒಣಗಿತ್ತು.

ಜೂನ್ 9, ಸೋಮವಾರ. ಸಂಜೆ 6.45

ಮತ್ತೆ ಸ್ವಿಚ್ ರೂಮು. ಮತ್ತೆ ಈ ಕುರ್ಚಿ, ಈ ದೀಪ. ಬೆಳಿಗ್ಗೆ ಬಂದವನೇ ಮೇನ್ ಸ್ವಿಚ್ಚನ್ನು ಸವರಿದೆ. ಪ್ಯಾನೆಲ್ ಬಾಗಿಲಿನ ಮೂಲೆಗೆ ಯಾರೋ ದಪ್ಪ ಸ್ಪಂಜು ಅಂಟಿಸಿದ್ದಾರೆ. ಅಡಿಯಲ್ಲಿ ಹೆಡ್‌ಫೋನ್ ಅಕ್ಷರದಲ್ಲಿ "ತಲೆ ಇದೆ, ಎಚ್ಚರಿಕೆ".

ಮೇಡಂ ಕರೆದರು. ಹೋಯಿತು ಎಂದುಕೊಂಡೇ ಹೋದೆ. ಗೆರೆ ತೋರಿಸಿದರು, ಲೋಡ್ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಾನಿಲ್ಲದ ತಿಂಗಳಲ್ಲೇ ಎಲ್ಲಕ್ಕಿಂತ ಕಡಿಮೆ. ಆಫೀಸಿಗೆ ಒಳ್ಳೆಯದು, ನನಗೆ ಸ್ವಲ್ಪ ಕಪಾಳಮೋಕ್ಷ. ಸಿಕ್ಕ ದಿನವೇ ಮನೆಗೆ ಅಂದಿದ್ದಿರಿ ಎಂದು ನೆನಪಿಸಿದೆ. ಹೌದು, ಒಂದು ತಿಂಗಳು ಮನೆಯಲ್ಲೇ ಇದ್ದಿರಲ್ಲ, ಸಾಕು, ಕೆಲಸ ನೋಡಿ ಅಂದರು. ಬಾಗಿಲವರೆಗೆ ಬಂದು ಬಿಟ್ಟುಹೋದರು.

ನಾನಿಲ್ಲದಾಗ ಸುತ್ತು ಹಾಕಿದವಳು ಬಕೆಟ್ಟಮ್ಮ. ಒಂದು ದಿನವೂ ತಪ್ಪಿಲ್ಲ, ಒಂದು ಗುಂಡಿಯೂ ಎರಡು ಸಲ ಇಲ್ಲ. ಹೇಗೆ ಎಂದು ಕೇಳಿದೆ. ಕೋಲನ್ನು ಗೋಡೆಗೆ ಒರಗಿಸಿ ತೋರಿಸಿದಳು. ಒತ್ತುತ್ತಾಳೆ, ಕೆಂಪು ಚುಕ್ಕಿ ಹೋಯಿತೇ ಎಂದು ನೋಡುತ್ತಾಳೆ, ಆಮೇಲೆ ಆ ಮೇಜಿನ ಕುರ್ಚಿಯನ್ನು ದಾರಿಯ ಕಡೆ ತಿರುಗಿಸಿ ಇಡುತ್ತಾಳೆ. ಕುರ್ಚಿ ತಿರುಗಿದ್ದರೆ ಆ ಮೇಜು ಮುಗಿದಿದೆ, ಮತ್ತೆ ಮುಟ್ಟುವ ಹಾಗಿಲ್ಲ. "ಎಣಿಸೋಕೆ ಹೋದ್ರೆ ನಡುವೆ ಯಾರಾದ್ರೂ ಮಾತಾಡಿಸ್ತಾರೆ ಅಣ್ಣಾ, ಮರೆತುಹೋಗುತ್ತೆ. ಕುರ್ಚಿ ಮರೆಯಲ್ಲ."

ಅಂದರೆ ಏಪ್ರಿಲ್ ನಾಲ್ಕರ ಬೆಳಿಗ್ಗೆ ಹಿಂದುಮುಂದಾಗಿ ನಿಂತಿದ್ದ ಕುರ್ಚಿಗಳು. ನಾನು ಗದರಿದ್ದ ಕುರ್ಚಿಗಳು. ಒಂದೊಂದೂ ನನ್ನ ತಪ್ಪನ್ನು ಅವಳು ಮುಚ್ಚಿದ ಗುರುತು. ಮೂವತ್ತು ವರ್ಷದ ಅನುಭವ ಇರುವ ನಾನು ಗುಂಡಿ ಕೂರಿಸಿದೆ, ಗುರುತು ಕೂರಿಸುವುದು ಹೊಳೆಯಲಿಲ್ಲ.

ಹೊಸ ಸರ್ಕ್ಯುಲರ್. ಸುತ್ತು ಇನ್ನು ಇಬ್ಬರದು. ನಾನು ಒತ್ತುವುದು, ಬಕೆಟ್ಟಮ್ಮ ನೋಡಿ ಕುರ್ಚಿ ತಿರುಗಿಸುವುದು. ಬೆಳಿಗ್ಗೆ ತಿರುಗಿದ ಕುರ್ಚಿ ಕಂಡರೆ ಯಾರೂ ಗೊಣಗುವಂತಿಲ್ಲ. ಮೇಡಂ ಸಹಿ.

ಜೂನ್ 12

ಸುತ್ತು ಆಯಿತು. ಜೊತೆಯಲ್ಲಿ ನಡೆದರೆ ಮೂರು ಮಹಡಿ ಚಿಕ್ಕದಾಗಿ ಕಾಣುತ್ತದೆ. ಟಕ್ — ನನ್ನದು. ಕುರ್ಚಿಯ ಗಾಲಿಯ ಸದ್ದು — ಅವಳದು. ಮೊಮ್ಮಗು ನಗುವುದನ್ನು ಕಲಿತಿದೆಯಂತೆ. ಒಂದೇ ಸಲ ಕೇಳಿದೆ. ನೆನಪಿದೆ.

ಯಾರ್ಯಾರಿಗೆ ಥ್ಯಾಂಕ್ಸ್ ಹೇಳಿದ್ದೇನೆ ಎಂದು ಲೆಕ್ಕ ಹಾಕಿದೆ. ಡಾಕ್ಟರಿಗೆ, ನರ್ಸಿಗೆ, ಅಕ್ಕನಿಗೆ (ಹುಚ್ಚು ಹಿಡಿಯಿತೇನೋ ಅಂದಳು), ಹೆಡ್‌ಫೋನಿಗೆ, ಮೇಡಂಗೆ. ಮೀಟರ್ ಹುಡುಗಿಗೆ ಫೋನಿನಲ್ಲಿ — ನನ್ನ ಕೆಲಸದಲ್ಲಿ ಇಂಥ ರಿಸಲ್ಟ್ ಇದೇ ಮೊದಲು ಸರ್ ಎಂದು ಅತ್ತಳು. ರೆಕಾರ್ಡರ್ ಡಬ್ಬಿಗೂ ಹೇಳಿದೆ, ಯಾರೂ ಇಲ್ಲದಾಗ.

ಒಬ್ಬಳು ಬಾಕಿ. ಪ್ರತಿ ಸಂಜೆ ಬಾಯಿ ತೆರೆಯುತ್ತೇನೆ. ನೆಲ ಒದ್ದೆ ಇದೆ ಅನ್ನುತ್ತೇನೆ. ಮೊದಲಿನ ಹಾಗೆ ಬರಿಯ ಸಂಕೋಚವಲ್ಲ ಈಗ. ನೆಲ ಒರೆಸೋಳು ಎಂದ ಬಾಯಿ ಇದು. ಅದೇ ಬಾಯಿಯಿಂದ ಏನನ್ನು ಹೇಗೆ ಶುರು ಮಾಡಲಿ.

ಜೂನ್ 20, ಶುಕ್ರವಾರ. ಸಂಜೆ 6.40

ನೂರಾ ಹನ್ನೊಂದು ಆಫ್. ನೂರಾ ಹನ್ನೊಂದು ಕುರ್ಚಿ ತಿರುಗಿವೆ.

ಬೆಳಿಗ್ಗೆ ಮತ್ತೆ ಸ್ಕ್ಯಾನ್ ಆಯಿತು. ಒಳಗೆ ಏನೂ ಇಲ್ಲ, ಪೂರ್ತಿ ಶುದ್ಧ ಅಂದರು ಡಾಕ್ಟರ್. ತಲೆ ಖಾಲಿ ಅಂತ ನಾನು ಚಿಕ್ಕಂದಿನಿಂದ ಹೇಳ್ತಿದ್ದೆ ಎಂದಳು ಅಕ್ಕ. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತಳು. ನಾನು ಬೆನ್ನು ಸವರುತ್ತಾ ಕೂತಿದ್ದೆ. ಬಿಸಿಲು ಹಿತವಾಗಿತ್ತು. ರಸ್ತೆಯಲ್ಲಿ ಬಸ್ಸುಗಳು, ಜನ. ಎಲ್ಲ ಆನ್. ನಾನೂ ಆನ್. ಇಷ್ಟು ಸಾಕು ಅನ್ನಿಸಿತು, ಇದಕ್ಕಿಂತ ಹೆಚ್ಚು ಯಾರ ಹತ್ತಿರ ಏನು ಕೇಳಲಿ.

ಬಕೆಟ್ಟಮ್ಮನಿಗೆ ಸ್ಕ್ಯಾನ್ ವಿಷಯ ಸುತ್ತಿನಲ್ಲೇ ಹೇಳಿದೆ. ಮೂರನೇ ಮಹಡಿಯ ಕೊನೆಯ ಸಾಲಿನಲ್ಲಿ. ಕುರ್ಚಿ ಹಿಡಿದುಕೊಂಡು ಹಾಗೇ ನಿಂತಳು. ತಿರುಗಿಸುವುದನ್ನು ಮರೆತಳು. ಅವಳು ಮರೆತದ್ದು ಇದೊಂದೇ ಸಲ. ನಾನು ತಿರುಗಿಸಿದೆ.

ಈಗ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಕೆಲಸ ಮುಗಿದಿದೆ, ಬಕೆಟ್ಟು ಕೆಳಗಿಟ್ಟಿದ್ದಾಳೆ. ಇಡೀ ಆಫೀಸಿನಲ್ಲಿ ತಿರುಗದೆ ಉಳಿದಿರುವುದು ಒಂದೇ ಕುರ್ಚಿ, ನಾನು ಕೂತಿರುವುದು. ಹೊತ್ತಾಯ್ತು ಏಳಿ ಅಣ್ಣಾ, ಇದೊಂದು ಬಾಕಿ ಅಂದಳು.

ಹೌದು, ಇದೊಂದು ಬಾಕಿ.

ನೆಲ ನೋಡಿದೆ. ಒದ್ದೆ ಇಲ್ಲ. ಆ ಮಾತೂ ಕೈಕೊಟ್ಟಿತು, ಒಳ್ಳೆಯದೇ ಆಯಿತು. ಎದ್ದರೆ ಹೇಳಿಯೇ ಏಳಬೇಕು. ಮೊದಲು ಅವತ್ತು ಆಡಿದ ಮಾತಿಗೆ ತಪ್ಪಾಯಿತು ಅಂತ, ಅವಳ ಮುಖ ನೋಡಿಕೊಂಡು. ಆಮೇಲೆ